ಗೋಂದಿನ ನೀರು

ಕೋಮಲಾ ಹಾಲಿನ ಪಾತ್ರೆಯನ್ನು ಬೆರಳುಗಳಿಂದ ಹಿಡಿಯುತ್ತಿಲ್ಲ, ಎರಡು ಮಣಿಕಟ್ಟುಗಳ ನಡುವೆ ಬಟ್ಟೆ ಸಮೇತ ಒತ್ತಿಕೊಂಡು ಒಲೆಯಿಂದ ಇಳಿಸುತ್ತಿದ್ದಾಳೆ ಎಂಬುದು ಆ ಬೆಳಿಗ್ಗೆ ಕನಕರಾಜುವಿನ ಕಣ್ಣಿಗೆ ಬಿತ್ತು. ಬಿದ್ದದ್ದಕ್ಕೆ ಸಿಟ್ಟು ಬಂತು. ಯಾರ ಮೇಲಿನ ಸಿಟ್ಟು ಎಂದು ಅವನಿಗೇ ತಿಳಿಯಲಿಲ್ಲ. ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಹಿಡಿದ. ಬಟವಾಡಿಯ ಆ ಬಾಡಿಗೆ ಮನೆಯಲ್ಲಿ ನಡುಮನೆಯ ಕುರ್ಚಿಯಲ್ಲಿ ಕೂತರೆ ಅಡುಗೆಮನೆಯ ಅರ್ಧ ಕಾಣುತ್ತಿತ್ತು. ಹೈವೇಯಲ್ಲಿ ಲಾರಿ ಹೋದಾಗಲೆಲ್ಲ ತಟ್ಟೆ ಸ್ಟ್ಯಾಂಡು ಸಣ್ಣಗೆ ನಡುಗುತ್ತಿತ್ತು. ಅವಳು ನಲ್ಲಿಯನ್ನು ಅಂಗೈ ಬುಡದಿಂದ ತಳ್ಳಿ ತಿರುಗಿಸಿದಳು. ಸೆರಗನ್ನು ಸಿಕ್ಕಿಸಲು ಹೋಗಿ, ಆಗದೆ, ಮೊಣಕೈಯಿಂದ ಒತ್ತಿಕೊಂಡು ನಿಂತಳು. ಅವನೊಳಗಿನ ಒಬ್ಬ, ಕಾಲೇಜಿನಲ್ಲಿ ಬಿಳಿ ಕೋಟು ಹಾಕಿ ನಿಲ್ಲುವವನು, ಇದನ್ನೆಲ್ಲ ತಣ್ಣಗೆ ಗುರುತು ಹಾಕಿಕೊಳ್ಳುತ್ತಿದ್ದ. ಇನ್ನೊಬ್ಬ ಪೇಪರಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ.

"ಹೆಂಗಿದೆ ಇವತ್ತು?" ಎಂದು ಕೇಳಿದ. ಕೇಳದಿದ್ದರೆ ಕೇಳಲಿಲ್ಲ ಎಂದಾಗುತ್ತಿತ್ತು.

"ಕಮ್ಮಿ ಇದೆ ರೀ," ಎಂದಳು, ತಿರುಗದೆ.

"ಮಾತ್ರೆ ತಗೊಂಡ್ಯಾ?"

"ಹೂಂ. ತಗೊಂಡೆ."

ಅಷ್ಟು ಹೇಳಿ ಊಟದ ಡಬ್ಬಿ ಕಟ್ಟಿಕೊಂಡು ಗುಬ್ಬಿಯ ಬಸ್ಸಿಗೆ ಹೊರಟಳು. ಗುಬ್ಬಿಯ ಸರ್ಕಾರಿ ಶಾಲೆಯಲ್ಲಿ ಅವಳು ಟೀಚರ್. ಹೊಸ್ತಿಲಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅವನ ತಾಯಿ ಗಿರಿಯಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಅದನ್ನೇ ನೋಡುತ್ತಿದ್ದಳು. ಸೊಸೆ ಗೇಟು ದಾಟಿದ ಮೇಲೆ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಹತ್ತು ಗಂಟೆ ದಾಟುದ್ರೆ ಯಾವ ನೋವೂ ಇರಕ್ಕಿಲ್ಲ ಬುಡು ಅವ್ಳಿಗೆ. ಕಸ ಮುಸುರೆ ಹೊತ್ಗೆ ಮಾತ್ರ ಬತ್ತದೆ. ನಾನು ಹಾಗಲವಾಡೀಲಿ ಹಸೀ ಬಾಣಂತಿ, ಕಳೆ ಕಿತ್ತಿವ್ನಿ. ಯಾರ್ ಕೇಳಿದ್ರು ನನ್ನ, ಹೆಂಗೈತೆ ಅಂತ?"

ಕನಕರಾಜು ಪೇಪರು ಮಡಿಚಿಟ್ಟ. ಈ ಮಾತು ಮನೆಯಲ್ಲಿ ಎಷ್ಟು ಕಾಲದಿಂದ ಓಡಾಡುತ್ತಿತ್ತೆಂದರೆ ಅದು ಅಮ್ಮನದೋ ತನ್ನದೋ ಎಂಬ ಗೆರೆಯೇ ಅಳಿಸಿಹೋಗಿತ್ತು. ನಿಜವಾಗಿಯೂ ಬೆಳಿಗ್ಗೆ ಮಾತ್ರ ಹಾಗಾಗುತ್ತಿತ್ತಲ್ಲವೇ? ಹಿಂದಿನ ಮಳೆಗಾಲದಲ್ಲಿ ಮೊದಲ ಸಲ ಅವಳು ಹಾಸಿಗೆಯಲ್ಲೇ ಕೂತು, "ರೀ, ಕೈ ಮುಷ್ಟಿ ಕಟ್ಟಕ್ಕೆ ಆಗ್ತಿಲ್ಲ, ಯಾರೋ ಬೆರಳಿನೊಳಗೆ ಗಾಜು ತುಂಬಿದಂಗಿದೆ" ಎಂದಾಗ ಅವನು ಗಾಬರಿಯಾಗಿ ಬಟವಾಡಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ. ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಬೆರಳಲ್ಲಿ ಬಾವೂ ಇರಲಿಲ್ಲ. ಅವನೇ ತಿರುಗಿಸಿ ತಿರುಗಿಸಿ ನೋಡಿದ್ದ. ಡಾಕ್ಟರು ನಕ್ಕು, "ವೀಕ್‌ನೆಸ್ಸು, ಜೊತೆಗೆ ಸ್ವಲ್ಪ ಮನಸ್ಸಿಂದು" ಎಂದಿದ್ದರು. ಆ ನಗುವಿನಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದರು, ಔಷಧಿ ಬಲ್ಲ ಗಂಡಸರು ಇಬ್ಬರು ಎಂಬಂತೆ. ಅದು ಅವನಿಗೆ ಹಿತವಾಗಿತ್ತು. ಗುಬ್ಬಿಯಲ್ಲಿ ಶಾಲೆಯ ಕಾರ್ಯಕ್ರಮಗಳಿಗೆ ಹೋದರೆ ಅವನು ಕೋಮಲಾ ಮೇಡಂ ಯಜಮಾನರು, ಅಷ್ಟೇ. ಏನು ಮಾಡ್ತೀರಿ ಎಂದು ಕೇಳಿದವರಿಗೆ ಪ್ರೈವೇಟ್ ಫಾರ್ಮಸಿ ಕಾಲೇಜು, ಪಿಎಚ್‌ಡಿ ಮಾಡ್ತಿದೀನಿ ಎಂದರೆ, ಈ ವಯಸ್ಸಿನಲ್ಲಾ ಎಂದು ಹುಬ್ಬೇರಿಸುತ್ತಿದ್ದರು. ಅವಳ ವಿಷಯದಲ್ಲಿ ಅವಳಿಗಿಂತ ಹೆಚ್ಚು ತನಗೆ ಗೊತ್ತಿರುವ ಒಂದು ಸಂಗತಿ ಆ ಕ್ಲಿನಿಕ್ಕಿನಲ್ಲಿ ಸಿಕ್ಕಿತ್ತು.

ಆಮೇಲೂ ಅವಳು ನೋವು ಅನ್ನುವುದು ಬಿಡಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಪಾಠಕ್ಕೆಂದು ಒತ್ತಿದ ಐಬುಪ್ರೊಫೇನ್ ಮಾತ್ರೆಗಳನ್ನು ಅವನೇ ಡಬ್ಬಿಯಲ್ಲಿ ತಂದುಕೊಡುತ್ತಿದ್ದ. ಸ್ವಲ್ಪ ಕಮ್ಮಿಯಾಯ್ತು ಅನ್ನುವಳು, ಮತ್ತೆ ಬೆಳಿಗ್ಗೆ ಕೈ ಮಡಿಚಿಕೊಂಡು ಕೂರುವಳು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಲ್ಯಾಬು ಖಾಲಿ ಇದ್ದಾಗ, ಅವನು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನೂ ಪಿಷ್ಟವನ್ನೂ ಕಲಸಿ, ಅದೇ ಗುಲಾಬಿ ಬಣ್ಣ ಹಾಕಿ, ಅದೇ ಅಚ್ಚಿನಲ್ಲಿ ಒಂದಷ್ಟು ಮಾತ್ರೆ ಒತ್ತಿದ. ಔಷಧಿಯ ಒಂದು ಕಣವೂ ಅದರಲ್ಲಿ ಇರಲಿಲ್ಲ. ಒಂದು ವಾರ ಮಾತ್ರ, ನೋಡೋಣ ಎಂದುಕೊಂಡಿದ್ದ. ಯಂತ್ರದ ಹಿಡಿ ತಿರುಗಿಸಿದ. ಇದೂ ಒಂದು ಕೆಲಸದಂತೆಯೇ ಇತ್ತು. ಡಬ್ಬಿಗೆ ಅವನ್ನು ತುಂಬಿಟ್ಟ ಎರಡು ದಿನದ ಮೇಲೆ, "ಹೆಂಗಿದೆ?" ಎಂದು ಕೇಳಿದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, "ಪರವಾಗಿಲ್ಲ, ಕಮ್ಮಿ ಇದೆ" ಎಂದಳು. ಅವನೊಳಗೆ ಏನೋ ಗೆದ್ದಂತೆ ಚಿಮ್ಮಿತು. ಆ ದಿನ ಅವಳ ಜೊತೆ ಬಹಳ ಮೃದುವಾಗಿ ಮಾತಾಡಿದ. ವಾರ ಕಳೆಯಿತು. ಮತ್ತೆ ಔಷಧಿ ಇರುವ ಮಾತ್ರೆಗೆ ಬದಲಾಯಿಸುವುದೆಂದರೆ, ಅವಳ ನೋವು ನಿಜ ಎಂದು ತಾನೇ ಒಪ್ಪಿದಂತೆ. ಬದಲಾಯಿಸದೆ ನಿಲ್ಲಿಸುವುದೆಂದರೆ ಯಾಕೆ ಎಂದು ಹೇಳಬೇಕು. ಆದ್ದರಿಂದ ಡಬ್ಬಿ ಖಾಲಿಯಾದಾಗಲೆಲ್ಲ ಸುಮ್ಮನೆ ತುಂಬುತ್ತಾ ಬಂದ. ಈಗ ಬೇಸಿಗೆ ಶುರುವಾಗಿತ್ತು.

ಕಾಲೇಜಿನ ಹಿಂಭಾಗದ ಇಲಿಮನೆಯಲ್ಲಿ ಕೃತಿಕಾ ಆಗಲೇ ಬಂದು ಪಂಜರಗಳನ್ನು ಸಾಲಾಗಿ ಇಟ್ಟಿದ್ದಳು. ಎಂ.ಫಾರ್ಮ ಓದುವ ಹುಡುಗಿ, ಅವನ ಪ್ರಯೋಗಕ್ಕೆ ಸಹಾಯ ಮಾಡುವವಳು. ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ನೋವಿನ ಮಾತ್ರೆಗಳು, ಬಾಯಿಂದ ಕೊಟ್ಟಾಗ, ಬಾವು ಬಂದ ಇಲಿಯ ನೋವನ್ನು ಎಷ್ಟು ಇಳಿಸುತ್ತವೆ ಎಂಬುದು ಅವನ ವಿಷಯ. ಬಿಳಿ ಇಲಿಗಳ ಎಡಗಾಲಿಗೆ ಬಾವು ಬರಿಸುವ ಮದ್ದು ಚುಚ್ಚಿಯಾಗಿತ್ತು. ಒಂದು ಗುಂಪಿಗೆ ಐಬುಪ್ರೊಫೇನ್, ಒಂದಕ್ಕೆ ಡೈಕ್ಲೋಫೆನಾಕ್, ಒಂದಕ್ಕೆ ಪ್ಯಾರಸಿಟಮಾಲ್, ಬಾಗಿದ ಸ್ಟೀಲ್ ನಳಿಕೆಯಿಂದ ನೇರ ಹೊಟ್ಟೆಗೆ. ಕೊನೆಯ ಗುಂಪಿಗೆ ಏನೂ ಇಲ್ಲ. ಆ ಇಲಿಗಳ ಕಾಲೂ ಊದಿರುತ್ತದೆ, ಅವುಗಳ ಬಾಯಿಗೂ ದಿನಾ ನಳಿಕೆ ಇಳಿಯುತ್ತದೆ, ಆದರೆ ಹೊಟ್ಟೆಗೆ ಹೋಗುವುದು ಗೋಂದು ಕದಡಿದ ಬರೀ ನೀರು. ಈ ಗುಂಪಿಲ್ಲದಿದ್ದರೆ ಪ್ರಯೋಗಕ್ಕೆ ಬೆಲೆಯೇ ಇಲ್ಲ ಎಂದು ಅವನು ವರ್ಷವರ್ಷವೂ ಪಾಠ ಮಾಡುತ್ತಿದ್ದ. ಅವು ಪಂಜರದ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು, ಎಡಗಾಲನ್ನು ಹೊಟ್ಟೆಯಡಿ ಎಳೆದುಕೊಂಡು ಕೂತಿರುತ್ತಿದ್ದವು. ಯಾವ ಸದ್ದೂ ಮಾಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಕೋಮಲಾ ಒಮ್ಮೆ ಹೇಳಿದ್ದಳು. ಅವಳ ಅಪ್ಪ ಬೆಟ್ಟಯ್ಯ ಕುಣಿಗಲ್ಲಿನಲ್ಲಿ ಯಾರದೋ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವನು. "ಕುದುರೆಗೆ ನೋವಾದ್ರೆ ಕೂಗಲ್ಲ ಕಣ್ರೀ, ಸುಮ್ನೆ ಕಾಲು ಬದಲಾಯಿಸ್ತಾ ನಿಂತಿರುತ್ತೆ. ಚಿಕ್ಕೋಳಿದ್ದಾಗ ನಾನು ಅದು ಆಟ ಆಡ್ತಿದೆ ಅಂದ್ಕೊಂಡಿದ್ದೆ." ಅವನು ಆಗ ಅವಳ ಕೈ ಹಿಡಿದುಕೊಂಡು ಕೇಳಿದ್ದ. ಆ ಕೈ ಹೇಗಿತ್ತು ಎಂದು ನೆನೆಯಲು ಹೋದ. ಈಗಿನದೇ ಕಣ್ಣಿಗೆ ಬಂತು.

"ಸರ್," ಎಂದಳು ಕೃತಿಕಾ. "ಇದನ್ನ ಒಂಚೂರು ನೋಡಿ."

ಅವಳು ಗೋಂದಿನ ನೀರಿನ ಗುಂಪಿನ ಒಂದು ಇಲಿಯ ಕಾಲನ್ನು ಒತ್ತುವ ಯಂತ್ರದ ಕೆಳಗೆ ಇಟ್ಟಿದ್ದಳು. ಭಾರ ನಿಧಾನಕ್ಕೆ ಏರುತ್ತದೆ. ಇಲಿ ಕಾಲು ಎಳೆದುಕೊಂಡ ಅಥವಾ ಕಿರುಚಿದ ಕಡೆ ನಿಲ್ಲಿಸಬೇಕು. ಮುಟ್ಟಿದ್ದೇ ತಡ, ಇಲಿ ಕಿರುಚಿತು. ಕಬ್ಬಿಣದ ಬಾಗಿಲು ಕಿರುಗುಟ್ಟಿದಂಥ ಸಣ್ಣ ಸದ್ದು.

"ಅದ್ರಲ್ಲೇನಿದೆ? ಬಾವು ಇರೋ ಕಾಲು."

"ಅಲ್ಲ ಸರ್. ಇದು ಬಲಗಾಲು. ಇದಕ್ಕೆ ನಾವು ಏನೂ ಚುಚ್ಚಿಲ್ಲ."

ಅವನು ಬಾಗಿ ನೋಡಿದ. ಬಲಗಾಲು ಗುಲಾಬಿ ಬಣ್ಣಕ್ಕೆ, ತೆಳ್ಳಗೆ, ಚೊಕ್ಕವಾಗಿತ್ತು. ಬಾವು ಅಳೆಯುವ ಪಾದರಸದ ನಳಿಕೆಯಲ್ಲಿ ಅದ್ದಿಸಿದ. ಪಾದರಸ ಮೊದಲ ದಿನದ ಗೆರೆಯಲ್ಲೇ ನಿಂತಿತು, ಕೂದಲೆಳೆಯಷ್ಟೂ ಬಾವಿಲ್ಲ. ಮತ್ತೆ ಒತ್ತಿಸಿದ, ಮತ್ತೆ ಅದೇ ಕಿರುಚು. ಪಕ್ಕದ ಇಲಿಯನ್ನು ತೆಗೆಸಿದ. ಅದೂ ಹಾಗೆಯೇ. ಪ್ಯಾರಸಿಟಮಾಲ್ ಗುಂಪಿನ ಇಲಿಗೆ ಎಡಗಾಲು ಬದನೆಕಾಯಿಯಂತೆ ಊದಿತ್ತು, ಬಾವು ಇಳಿದೇ ಇರಲಿಲ್ಲ, ಆದರೂ ಭಾರವನ್ನು ಸುಮಾರು ದೂರ ತಡೆದುಕೊಂಡಿತು. ಬಾವು ಇರುವಲ್ಲಿ ನೋವು ಕಡಿಮೆ. ಬಾವೇ ಇಲ್ಲದಲ್ಲಿ ನೋವು. ಬಾವಿಗೂ ಮೊದಲು ನೋವು ಬಂದು ಕೂತಿರಬಹುದು; ಕೀಲುವಾತ ಬೆಳಿಗ್ಗೆ ಬಿಗಿದು, ಹೊತ್ತೇರಿದಂತೆ ಸಡಿಲವಾಗುತ್ತದೆ. ಇದೆಲ್ಲ ಅವನು ಬೋರ್ಡಿನ ಮೇಲೆ ಬರೆದು, ಹುಡುಗರಿಂದ ಬರೆಸಿ, ಪರೀಕ್ಷೆಯಲ್ಲಿ ಕೇಳಿದ ವಿಷಯವೇ. ಹೊಸದೇನೂ ಇರಲಿಲ್ಲ. ಆದರೆ ಈಗ ಅದು ಹಾಲಿನ ಪಾತ್ರೆ ಒತ್ತಿಹಿಡಿದ ಎರಡು ಮಣಿಕಟ್ಟುಗಳಾಗಿ ಕಣ್ಣಮುಂದೆ ಬಂತು.

"ನಮ್ದೇನಾದ್ರೂ ತಪ್ಪಾಗಿದ್ಯಾ ಸರ್?" ಎಂದಳು ಕೃತಿಕಾ.

"ಇಲ್ಲ. ಇದ್ದದ್ದನ್ನ ಇದ್ದಂಗೆ ಬರ್ಕೋ," ಎಂದ. ತನ್ನ ದನಿ ಪಾಠ ಮಾಡುವವನ ದನಿಯಂತೆಯೇ ಇದೆ ಎಂದು ಅಚ್ಚರಿಯಾಯಿತು. ಇಲಿ ಅವನ ಗ್ಲೌಸಿನೊಳಗೆ ಬೆಚ್ಚಗೆ, ಬೇಗಬೇಗ ಉಸಿರಾಡುತ್ತಿತ್ತು. ಅದನ್ನು ಪಂಜರಕ್ಕೆ ಬಿಡಬೇಕೆಂಬುದೇ ಮರೆತುಹೋಯಿತು. ಇವತ್ತು ಸಂಜೆ ಹೇಳಿಬಿಡಬೇಕು ಎಂದುಕೊಂಡ. ಹೇಳುವುದೂ ಬೇಡ, ಸುಮ್ಮನೆ ಡಬ್ಬಿಯಲ್ಲಿ ಸರಿಯಾದ ಮಾತ್ರೆ ತುಂಬಿಟ್ಟರಾಯಿತು, ಯಾರಿಗೂ ತಿಳಿಯುವುದಿಲ್ಲ ಎಂದೂ ಅದೇ ಉಸಿರಿನಲ್ಲಿ ಅಂದುಕೊಂಡ. ಎರಡನೆಯದೇ ಹೆಚ್ಚು ಸಲೀಸೆನಿಸಿತು. ಅದಕ್ಕೆ ನಾಚಿಕೆಯೂ ಆಯಿತು; ಆದರೆ ನಾಚಿಕೆ ಆ ಯೋಚನೆಯನ್ನು ಓಡಿಸಲಿಲ್ಲ.

ಆಗಲೇ ಆಫೀಸಿನವನು ಬಂದು, ಗುಬ್ಬಿಯಿಂದ ಫೋನು ಎಂದ. ಮಾತಾಡಿದವರು ಶಾಲೆಯ ಹೆಡ್‌ಮಿಸ್ಸು ಸಿದ್ದಲಕ್ಷ್ಮಮ್ಮ. "ಗಾಬ್ರಿ ಆಗ್ಬೇಡಿ ಸಾರ್. ಕೋಮಲಾ ಮೇಡಂ ಕ್ಲಾಸಲ್ಲೇ ವಾಂತಿ ಮಾಡ್ಕೊಂಡು ಬಿದ್ಬುಟ್ರು. ವಾಂತಿ ಒಂಥರಾ ಕಪ್ಪಗಿತ್ತು, ಕಾಫಿಪುಡಿ ಕಲಸಿದಂಗೆ. ಇಲ್ಲೇ ನರ್ಸಿಂಗ್ ಹೋಮಿಗೆ ಸೇರ್ಸಿದೀವಿ. ಬೇಗ ಬನ್ನಿ."

ಸ್ಕೂಟರು ಗುಬ್ಬಿ ರಸ್ತೆಗೆ ಬಿದ್ದ ಮೇಲೆ ಅವನಿಗೆ ಎದುರಿನ ಬಸ್ಸು, ಲಾರಿ, ಎಳನೀರಿನ ಗಾಡಿ ಎಲ್ಲವೂ ಕಣ್ಣು ಕುಕ್ಕುವ ಬೆಳಕಿನಲ್ಲಿ ಕಂಡವು. ಕಾಫಿಪುಡಿ ಕಲಸಿದಂತೆ. ಅದು ಹೊಟ್ಟೆಯ ಆಮ್ಲದಲ್ಲಿ ಕಪ್ಪಾದ ರಕ್ತ. ಪ್ರಯೋಗದ ಹಿಂದಿನ ಸುತ್ತಿನಲ್ಲಿ, ಡೈಕ್ಲೋಫೆನಾಕ್ ಕೊಟ್ಟ ಇಲಿಗಳ ಜಠರವನ್ನು ಸೀಳಿ ಬೆಳಕಿಗೆ ಹಿಡಿದಾಗ ಒಳಗೋಡೆಯ ಮೇಲೆ ಕಂದು ಚುಕ್ಕೆಗಳು, ಗೀರುಗಳು ಕಂಡಿದ್ದವು. ಸಹೋದ್ಯೋಗಿ ಲಕ್ಷ್ಮೀಕಾಂತ್ ಹೆಗಲ ಮೇಲಿಂದ ಬಗ್ಗಿ ನೋಡಿ, "ಚೆನ್ನಾಗಿ ಬಂದಿದೆ ಕಣ್ರೀ ರಿಸಲ್ಟು" ಎಂದಿದ್ದ. ಆದರೆ ತಾನು ಕೊಟ್ಟ ಮಾತ್ರೆಯಲ್ಲಿ ಹೊಟ್ಟೆ ಸುಡುವಂಥದ್ದು ಏನೂ ಇರಲಿಲ್ಲವಲ್ಲ. ಏನೂ ಇರಲಿಲ್ಲ. ಮಲ್ಲಸಂದ್ರದ ಹತ್ತಿರ ಈ ಮಾತು ಅವನಿಗೆ ಒಂದು ಸಮಾಧಾನದಂತೆ ಹೊಳೆಯಿತು, ತನ್ನಿಂದ ಆದದ್ದಲ್ಲ ಎಂದು. ಮರುಗಳಿಗೆಗೆ ಅದರ ಇನ್ನೊಂದು ಮಗ್ಗುಲು ತಿರುಗಿತು: ಹಾಗಾದರೆ ಅವಳು ಬೇರೆ ಏನನ್ನೋ ನುಂಗುತ್ತಿದ್ದಳು. ತನಗೆ ಹೇಳದೆ. ತಾನು ದಿನಾ ಬೆಳಿಗ್ಗೆ ಹೆಂಗಿದೆ ಎಂದು ಕೇಳುತ್ತಿರುವಾಗಲೇ.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಅವನಿಗಿಂತ ಬಹಳ ಚಿಕ್ಕ ವಯಸ್ಸಿನ ಹೆಂಗಸು. ಕೋಮಲಾ ಕಣ್ಣು ಮುಚ್ಚಿ ಮಲಗಿದ್ದಳು, ತೋಳಿಗೆ ಡ್ರಿಪ್ ಹಾಕಿತ್ತು. ತುಟಿಯ ಅಂಚಿನಲ್ಲಿ ಒರೆಸಿ ಉಳಿದ ಒಂದು ಕಂದು ಗೆರೆ ಇತ್ತು.

"ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಹೋಗಿದೆ. ಸದ್ಯಕ್ಕೆ ನಿಂತಿದೆ," ಎಂದರು ಡಾಕ್ಟರು. "ನೋವಿನ ಮಾತ್ರೆ ತುಂಬ ದಿನದಿಂದ ತಗೋತಿದ್ರಾ?"

"ಹೌದು."

"ಯಾರು ಕೊಟ್ಟಿದ್ದು?"

ಅವನು ಮಂಚದ ಕಡೆ ನೋಡಿದ. "ನಾನೇ," ಎಂದ. "ನಾನು ಫಾರ್ಮಸಿ ಲೆಕ್ಚರರ್."

"ಫಾರ್ಮಸಿಯವರಾಗಿ ಇಷ್ಟು ಕೊಡೋದಾ? ಖಾಲಿ ಹೊಟ್ಟೇಲಿ? ಇವರ ಬ್ಯಾಗಲ್ಲಿ ನೋಡಿ ಎಷ್ಟು ಸಿಕ್ತು," ಎಂದು ಡಾಕ್ಟರು ಮೇಜಿನ ಮೇಲೆ ಸುರಿದರು. ಖಾಲಿ ಡೈಕ್ಲೋಫೆನಾಕ್ ಪಟ್ಟಿಗಳು, ಅರ್ಧ ಮಡಿಚಿದ್ದು, ಹಲ್ಲಿನಿಂದ ಕಚ್ಚಿ ಹರಿದದ್ದು. ಅವನು ಅಂಥ ಪಟ್ಟಿಯನ್ನು ಯಾವತ್ತೂ ಮನೆಗೆ ತಂದಿರಲಿಲ್ಲ. "ಇಲಿಗೂ ಹಿಂಗೆ ಕೊಡಲ್ಲ ಸಾರ್. ನಿಮಗೆ ಗೊತ್ತಿರ್ಬೇಕಿತ್ತು."

"ತಪ್ಪಾಯ್ತು," ಎಂದ ಕನಕರಾಜು. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಇಷ್ಟು ಹಗುರವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ನಿಂತ. ಹೆಂಡತಿಯ ಮೇಲಿನ ಕಾಳಜಿಯಿಂದ ಮಾತ್ರೆ ಹೆಚ್ಚು ಕೊಟ್ಟ ಗಂಡ: ಆ ವೇಷ ಅಳತೆ ತೆಗೆದು ಹೊಲಿದಂತೆ ಅವನಿಗೆ ಕೂತಿತ್ತು. ಡಾಕ್ಟರು ಇನ್ನಷ್ಟು ಬೈಯಲಿ ಎಂದು ಬಯಸಿದ. ಆದರೆ ಅವರು ದನಿ ಇಳಿಸಿ, ಕೋಮಲಾಳ ಬಲಗೈಯನ್ನು ನಿಧಾನಕ್ಕೆ ಎತ್ತಿ ತೋರಿಸಿದರು. ಗೆಣ್ಣುಗಳು ಊದಿದ್ದವು. ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ಒಂದಿಷ್ಟು ವಾಲಿಕೊಂಡಿದ್ದವು, ಗಾಳಿಗೆ ಬಾಗಿದ ಪೈರಿನ ಹಾಗೆ.

"ಇದು ರುಮಟಾಯ್ಡು, ಕೀಲುವಾತ. ಬೆಳಿಗ್ಗೆ ಹೊತ್ತು ಕೈ ಬಿಗಿದುಕೊಳ್ತಿತ್ತಲ್ವಾ? ಬೆಂಗ್ಳೂರಲ್ಲಿ ತೋರ್ಸಿ, ಇದಕ್ಕೆ ಬೇರೆ ಔಷಧಿ ಇದೆ. ಮುಂಚೇನೇ ಶುರು ಮಾಡಿದ್ರೆ ಇಷ್ಟಾಗ್ತಿರ್ಲಿಲ್ಲ. ವಾಲಿರೋ ಬೆರಳು ಇನ್ನು ನೆಟ್ಟಗಾಗಲ್ಲ."

"ರಕ್ತ ಪರೀಕ್ಷೇಲಿ ಬಂದಿರ್ಲಿಲ್ಲ," ಎಂದ ಅವನು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಸಣ್ಣದು ಎಂದು ತಿಳಿಯಿತು.

"ಮೊದ್ಲು ಬರ್ದೇ ಇರ್ಬೋದು. ಅವ್ರನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ, ಎಲ್ಲಿ ನೋವು, ಹೆಂಗೆ ಅಂತ?" ಎಂದು ಡಾಕ್ಟರು ಮುಂದಿನ ರೋಗಿಯ ಕಡೆ ಹೋದರು.

ಕೋಮಲಾ ಕಣ್ಣು ತೆರೆದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂಬುದು ಆ ಕಣ್ಣಿನಲ್ಲಿತ್ತು. ಅವನು ಸ್ಟೂಲು ಎಳೆದುಕೊಂಡು ಕೂತ. ಕಿಟಕಿಯಾಚೆ ಆಟೋದವನೊಬ್ಬ ಯಾರನ್ನೋ ಕೂಗುತ್ತಿದ್ದ. ಹೇಳಬೇಕಾದ್ದನ್ನು ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ; ಬಾಯಿಗೆ ಬಂದದ್ದು ಬೇರೆಯೇ.

"ನನಗೆ ಯಾಕೆ ಹೇಳ್ಲಿಲ್ಲ ನೀನು, ಅಂಗಡಿ ಮಾತ್ರೆ ತಗೋತಿದೀನಿ ಅಂತ?" ಎಂದ. ದೂರು ಹೇಳುವ ದನಿ ಬಂದುಬಿಟ್ಟಿತು.

"ನಿಮ್ ಮಾತ್ರೆ ಸಿಹಿ ಇತ್ತು ರೀ," ಎಂದಳು.

ಅವನು ಸ್ಟೂಲನ್ನು ಒಂಚೂರು ಹಿಂದಕ್ಕೆ ಸರಿಸಿದ.

"ಮೊದ್ಲಿನವು ನುಂಗಿದ್ರೆ ಗಂಟ್ಲಲ್ಲಿ ಉರೀತಿತ್ತು. ಸಂಕ್ರಾಂತಿ ಆದ್ಮೇಲೆ ತಂದ್ರಲ್ಲ, ಅವು ಉರೀತಿರ್ಲಿಲ್ಲ. ಒಂದು ಕಚ್ಚಿ ನೋಡ್ದೆ. ಹಾಲುಪುಡಿ ಥರ."

"ಮೊದಲ್ನೇ ದಿನಾನೇ ಗೊತ್ತಾಯ್ತಾ?"

"ಮೊದಲ್ನೇ ದಿನಾನೇ."

"ಮತ್ಯಾಕೆ ಕಮ್ಮಿ ಇದೆ ಅಂದೆ?"

"ನೀವು ಕೇಳ್ದಾಗ ನಿಮ್ ಮುಖ ನೋಡ್ದೆ. ನಿಮಗೆ ಬೇಕಾಗಿದ್ದು ಅದೇ ಇತ್ತು." ಡ್ರಿಪ್ಪಿನ ಹನಿ ಬೀಳುವುದನ್ನು ನೋಡುತ್ತಾ ಹೇಳಿದಳು, ಸಿಟ್ಟಿಲ್ಲದೆ, ತರಕಾರಿ ಬೆಲೆ ಹೇಳುವಷ್ಟು ಮೆಲ್ಲಗೆ. "ಆಮೇಲೆ, ಯಾವತ್ತು ನೀವೇ ಹೇಳ್ತೀರ ನೋಡಣ ಅಂತ ಸುಮ್ನಿದ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಈಗ ಡಾಕ್ಟ್ರು ಕೇಳ್ದಾಗ್ಲೂ ಕಣ್ಮುಚ್ಕೊಂಡು ಕಾಯ್ತಿದ್ದೆ."

ಇಷ್ಟು ತಿಂಗಳು ಬೆಳಿಗ್ಗೆ ಪೇಪರಿನ ಮೇಲಿಂದ ತಾನು ಅವಳನ್ನು ನೋಡುತ್ತಿದ್ದಾಗ, ಅಡುಗೆಮನೆಯಿಂದ ಬೆನ್ನು ತಿರುಗಿಸಿಕೊಂಡೇ ಅವಳು ತನ್ನನ್ನು ನೋಡುತ್ತಿದ್ದಳು. "ಕೋಮಲಾ," ಎಂದ. ಅವಳ ಕೈ ಹಿಡಿಯೋಣವೆಂದು ಕೈ ಚಾಚಿದ. ಎಲ್ಲಿ ಹಿಡಿದರೆ ನೋಯುವುದಿಲ್ಲ ಎಂದು ತಿಳಿಯದೆ ಹಾಸಿಗೆಯ ಅಂಚನ್ನು ಹಿಡಿದ. ಅವಳು ಅದನ್ನೂ ನೋಡಿದಳು.

"ಬಾಯಿ ಒಣಗ್ತಿದೆ," ಎಂದಳು. "ಕುಡೀಬೌದಾ ಅಂತ ಕೇಳಿ, ಒಂದು ಎಳನೀರು ತನ್ನಿ."

ಡಾಕ್ಟರನ್ನು ಕೇಳಿದ; ಸಂಜೆವರೆಗೆ ಏನೂ ಕೊಡಬೇಡಿ, ಬೇಕಾದರೆ ತುಟಿಗೆ ಒದ್ದೆ ಬಟ್ಟೆ ಒತ್ತಿ ಎಂದರು. ಅಷ್ಟಕ್ಕೆ ಹಿಂತಿರುಗಬಹುದಿತ್ತು. ಆದರೆ ಅವನು ರಸ್ತೆಗೆ ಇಳಿದ. ಬಟ್ಟೆಯಂಗಡಿಯೊಂದರಲ್ಲಿ ಕರವಸ್ತ್ರ ಕೊಂಡ, ಬಾಟಲಿ ನೀರು ಕೊಂಡ, ಮೆಡಿಕಲ್ ಅಂಗಡಿಯ ಮುಂದೆ ಸುಮ್ಮನೆ ನಿಂತ. ಒಬ್ಬ ಮುದುಕಿ ಮಂಡಿ ತೋರಿಸಿ ಮಾತ್ರೆ ಕೇಳುತ್ತಿದ್ದಳು. ಅಂಗಡಿಯವನು ಕೇಳಿದ್ದೇ ತಡ ಪಟ್ಟಿ ಹರಿದು ಕೊಡುತ್ತಿದ್ದ. ಬಿಸಿಲು ನೆತ್ತಿಯ ಮೇಲಿತ್ತು. ಹೋಗಿ ಎಲ್ಲವನ್ನೂ ಹೇಳುತ್ತೇನೆ, ಡಾಕ್ಟರ ಮುಂದೆಯೇ ಹೇಳುತ್ತೇನೆ ಎಂದುಕೊಂಡ. ಹೇಳಿದರೆ ಏನಾಗುತ್ತದೆ? ಅವಳಿಗೆ ಗೊತ್ತಿರುವುದನ್ನೇ ಅವಳಿಗೆ ಹೇಳಿದಂತಾಗುತ್ತದೆ. ಅವಳು ಕಾಯುವುದು ಮುಗಿದಾಗಿತ್ತು.

ಹಿಂತಿರುಗಿದಾಗ ವಾರ್ಡಿನಲ್ಲಿ ಅವಳ ಮಂಚದ ಸುತ್ತ ಹಸಿರು ಪರದೆ ಎಳೆದಿತ್ತು. ಒಳಗೆ ಆಯಾ ಹೊಂಬಾಳಮ್ಮ ಸೀರೆ ಬದಲಿಸುತ್ತಿದ್ದಳು. ಬರುವಾಗಲೇ ಬಾಗಿಲಲ್ಲಿ ಅವಳನ್ನು ನೋಡಿದ್ದ, ದಪ್ಪ ದನಿಯ ಹೆಂಗಸು. "ಯಾವ್ ಕೈ ಎತ್ಲವ್ವ? ಎಲ್ ನೋಯ್ತದೆ ಹೇಳ್ಬುಡು, ಅಲ್ಲಿ ಮುಟ್ಟಕ್ಕಿಲ್ಲ ನಾನು," ಎನ್ನುತ್ತಿದ್ದಳು.

ಕೋಮಲಾ ಹೇಳತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ತಡೆಯಿಲ್ಲದೆ. ಬಲಗೈ ಹೆಬ್ಬೆರಳ ಬುಡದಲ್ಲಿ ಸೂಜಿ ಮುರಿದು ಉಳಿದಂಗೆ ಇದೆ ಕಣಮ್ಮ. ಬೆಳಿಗ್ಗೆ ಎದ್ದಾಗ ಅಂಗಾಲಿನ ಕೆಳಗೆ ಜಲ್ಲಿಕಲ್ಲು ಹರಡಿದಂಗೆ. ಸೀಮೆಸುಣ್ಣ ಹಿಡಿಯಕ್ಕಾಗಲ್ಲ, ಮಕ್ಕಳ ಕೈಲೇ ಬೋರ್ಡಿನ ಮೇಲೆ ಬರೆಸ್ತೀನಿ, ಅವು ಟೀಚರ್ ನಮಗೆ ಕಲಿಸ್ತಾರೆ ಅಂದ್ಕೋತವೆ. ಬಸ್ಸಲ್ಲಿ ಕಂಬಿ ಹಿಡಿಯಕ್ಕಾಗದೆ ಯಾರ್ಯಾರ ಮೇಲೋ ಬಿದ್ದಿದೀನಿ. ರಾತ್ರಿ ಹೊದಿಕೆ ತಾಕಿದ್ರೂ ಉರಿಯುತ್ತೆ. ದವಡೇಲೂ ಬಂದಿದೆ ಈಗ, ಅನ್ನ ಅಗಿಯೋವಾಗ. ಪರದೆಯ ಹೊರಗೆ ಕನಕರಾಜು ಒದ್ದೆ ಕರವಸ್ತ್ರ ಹಿಡಿದು ನಿಂತಿದ್ದ. ಇಷ್ಟು ವರ್ಷದಲ್ಲಿ ಅವಳು ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಅವನಿಗೆ ನೆನಪಿರಲಿಲ್ಲ. ಪರದೆ ಸರಿಸಿದರೆ ಮಾತು ನಿಂತುಹೋಗುತ್ತದೆ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಆದ್ದರಿಂದ ಅಲ್ಲಾಡದೆ ನಿಂತ. ನೀರು ಅವನ ಮಣಿಕಟ್ಟಿನಿಂದ ಇಳಿದು ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಯ್ಯೋ ನಮ್ಮವ್ವ," ಎಂದಳು ಹೊಂಬಾಳಮ್ಮ. "ಇಷ್ಟೆಲ್ಲ ಮಡೀಕಂಡು ಮನೇಲಿ ಯಾರ್ಗೂ ಹೇಳ್ನೇ ಇಲ್ವಾ?"

ಒಳಗೆ ಸೀರೆಯ ನೆರಿಗೆ ಸಿಕ್ಕಿಸುವ ಸದ್ದಾಯಿತು.

"ಹೇಳ್ತಿದ್ದೆ," ಎಂದಳು ಕೋಮಲಾ. "ಮೊದಮೊದ್ಲು ಹೇಳ್ತಿದ್ದೆ."